ಸೋಮವಾರ ಎಂದು ಓದಿದವಳು

ಬೆಳಿಗ್ಗೆ ಏಳೂವರೆಗೆ ಆ ಮನೆಯ ಮುಂದೆ ಹಾದವರಿಗೆ ಈಶ್ವರಮ್ಮ ಕಲ್ಲಿನ ಮೇಲೆ ಬಜೆ ತೇಯುವ ಸದ್ದು ಕೇಳುತ್ತಿತ್ತು. ಹಸುಗೂಸಿನ ನಾಲಿಗೆ ತಿರುಗಲೆಂದು ಎಲ್ಲರ ಮನೆಯಲ್ಲೂ ಬಜೆ ತೇಯುತ್ತಾರೆ; ಈ ಮನೆಯಲ್ಲಿ ಹನ್ನೊಂದು ವರ್ಷದ ಸಿರಿಗೆ ಇನ್ನೂ ತೇಯುತ್ತಿದ್ದರು. ಸಿರಿ ಕಣ್ಣು ಮುಚ್ಚಿ ನಾಲಿಗೆ ಚಾಚುವಳು, ಅಜ್ಜಿ ಬೆರಳಿನಿಂದ ಸವರುವರು, ಅದರ ಹಿಂದೆಯೇ ಅರ್ಧ ಲೋಟ ಒಂದೆಲಗದ ರಸ. ಕಹಿಯಾದಷ್ಟೂ ವಿದ್ಯೆ ಹತ್ತುತ್ತದೆ ಎಂಬುದು ಈಶ್ವರಮ್ಮನವರ ನಂಬಿಕೆ. ಅದು ನಿಜವಾಗಿದ್ದರೆ ಇಷ್ಟು ಹೊತ್ತಿಗೆ ಸಿರಿ ದೊಡ್ಡ ಪಂಡಿತೆಯಾಗಬೇಕಿತ್ತು ಎಂದು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ವೇದಾ ಅಂದುಕೊಳ್ಳುವಳು. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸೊಸೆಯಾಗಿ ಬಂದ ಹದಿಮೂರು ವರ್ಷದಲ್ಲಿ ಅವಳು ಕಲಿತ ಮೊದಲ ಪಾಠವೇ ಅದು.

ಭದ್ರಾವತಿಯ ಹಳೇ ಕ್ವಾರ್ಟರ್ಸಿನಲ್ಲಿ ಅವರದು ಕೊನೆಯ ಸಾಲಿನ ಮನೆ. ಮಾವ ಷಡಕ್ಷರಪ್ಪನವರು ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಫಿಟ್ಟರ್ ಆಗಿದ್ದವರು. ಮೋಟಾರಿನ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದರಂತೆ. ಸೂಪರ್‌ವೈಸರ್ ಹುದ್ದೆ ಎರಡು ಸಲ ಮನೆಬಾಗಿಲಿಗೆ ಬಂದರೂ, ಕೈಕೆಲಸ ಬಿಟ್ಟು ಕುರ್ಚಿಯಲ್ಲಿ ಕೂತು ಪುಸ್ತಕ ತುಂಬುವುದು ತನ್ನಿಂದ ಆಗದೆಂದು ವಾಪಸ್ಸು ಕಳಿಸಿದ್ದರು. ಆ ಕಥೆಯನ್ನು ಮನೆಯವರೆಲ್ಲ ಬಂದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದರು. ಈಗ ಬೆಳಿಗ್ಗೆ ಅವರು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂರುವರು, ಮಗಳು ಸಮತಾ ಪೇಪರ್ ಓದಿ ಹೇಳುವಳು. ಕನ್ನಡಕ ಹಾಕಿಕೊಂಡು ಓದಿದರೆ ಅವರಿಗೆ ತಲೆನೋವು. ಮಗ ಕಾಂತರಾಜ್, ವೇದಾಳ ಗಂಡ, ಮಾಚೇನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪಾಳಿ ಕೆಲಸದವನು. ಅಪ್ಪ ಹೇಳಿದ್ದಕ್ಕೆ ಎದುರು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಸಿರಿ ಮಾತಿಗೆ ನಿಂತರೆ ಸಂತೆಯನ್ನೇ ಮಾರಿ ಬರುವಳು. ಒಮ್ಮೆ ಕೇಳಿದ ಕಥೆಯನ್ನು ಒಂದು ಮಾತೂ ಬಿಡದೆ ಹೇಳುವಳು. ಆದರೆ ಪುಸ್ತಕ ತೆರೆದರೆ ಮುಗಿಯಿತು. ಮ, ಯ, ವ ಮೂರೂ ಅವಳ ಕಣ್ಣಿಗೆ ಒಂದೇ ಹೊಟ್ಟೆಯ ಮಕ್ಕಳು. ಒತ್ತಕ್ಷರಗಳು ಸಾಲಿನಿಂದ ಕೆಳಗೆ ಇಳಿದು ಓಡಿಹೋಗುತ್ತವೆ ಎಂದು ಅವಳೇ ಒಂದು ದಿನ ಅಮ್ಮನಿಗೆ ಹೇಳಿದ್ದಳು. ಶಾಲೆಯಲ್ಲಿ ಮರ ಎಂದು ಬರೆಯಲು ಹೋಗಿ 'ವರದ ಮೇಲೆ ಕಾಗೆ ಕೂತಿತ್ತು' ಎಂದು ಬರೆದುಕೊಂಡು ಬಂದಾಗ ಸಮತಾ ಬಿದ್ದು ಬಿದ್ದು ನಕ್ಕಿದ್ದಳು.

"ನನ್ನ ವರದ ಮೇಲೆ ಕಾಗೆ ಕೂರಿಸಿಬಿಟ್ಯಲ್ಲೇ ಮಾರಾಯ್ತಿ, ಇನ್ನೆಲ್ಲಿ ಮದುವೆ ನಂಗೆ!"

ಸಿರಿಯೂ ನಕ್ಕಿದ್ದಳು. ಷಡಕ್ಷರಪ್ಪನವರು ಮಾತ್ರ ನಗಲಿಲ್ಲ. ಅದೇ ಪುಟವನ್ನು ಐವತ್ತು ಸಲ ಬರೆಸಿದರು. ಕಬ್ಬಿಣ ಬಗ್ಗುವುದು ಬಡಿದರೆ, ವಿದ್ಯೆ ಬರುವುದು ಬರೆದರೆ ಎಂಬುದು ಅವರ ಮಾತು. ಮಗು ಬರೆದು ಮುಗಿಸುವ ತನಕ ಎದುರಿಗೇ ಕೂರುವರು. ಬರೆದದ್ದನ್ನು ತಿದ್ದುವ ಕೆಲಸ ಮಾತ್ರ ಸಮತಾಳಿಗೆ.

ಆರನೇ ತರಗತಿಗೆ ಹೊಸದಾಗಿ ಬಂದ ದಿವ್ಯಶ್ರೀ ಟೀಚರ್ ಒಂದು ಶನಿವಾರ ಮಧ್ಯಾಹ್ನ ತಾವಾಗಿ ಮನೆಗೆ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ನಿಧಾನವಾಗಿ ಮಾತು ತೆಗೆದರು. ಸಿರಿ ದಡ್ಡಿಯಲ್ಲ, ಸೋಮಾರಿಯೂ ಅಲ್ಲ. ಕಣ್ಣು ಕಂಡ ಅಕ್ಷರವನ್ನು ಅವಳ ತಲೆ ಜೋಡಿಸಿಕೊಳ್ಳುವ ರೀತಿಯೇ ಬೇರೆ ಇರಬಹುದು. ಇದಕ್ಕೆ ಕಲಿಕಾ ನ್ಯೂನತೆ ಎನ್ನುತ್ತಾರೆ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ತಂದರೆ ಮುಂದೆ ಪಬ್ಲಿಕ್ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ, ಅವಳು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೊಡುತ್ತಾರೆ. ತಡಮಾಡಿದಷ್ಟೂ ಮಗುವಿನ ಧೈರ್ಯ ಕುಸಿಯುತ್ತದೆ.

ಷಡಕ್ಷರಪ್ಪನವರು ಪೂರ್ತಿ ಕೇಳಿಸಿಕೊಂಡರು.

"ನ್ಯೂನತೆ ಅಂತ ಸರ್ಕಾರದ ಸೀಲು ನಾವೇ ಹೋಗಿ ಹಾಕಿಸ್ಕೊಂಡು ಬರಬೇಕಾ ಮೇಡಂ? ಮದುವೆಗಿರೋ ಮಗಳಿದಾಳೆ ಮನೇಲಿ. ಒಂದು ಕಾಯಿ ಕೊಳೆತಿದೆ ಅಂತ ಎತ್ತಿ ತೋರಿಸಿದ್ರೆ ಇಡೀ ಗೊನೆ ಯಾರು ತಗೋತಾರೆ?"

"ಕನ್ನಡಕ ಹಾಕ್ಕೊಂಡೋರನ್ನ ಯಾರಾದ್ರೂ ಕೊಳೆತ ಕಾಯಿ ಅಂತಾರಾ ಅಜ್ಜ? ಇದೂ ಅಷ್ಟೇ."

ಷಡಕ್ಷರಪ್ಪನವರು ಜೇಬಿನಲ್ಲಿದ್ದ ಕನ್ನಡಕವನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಎದ್ದು ಒಳಗೆ ಹೋದರು.

ಹೋಗುವ ಮುಂಚೆ ದಿವ್ಯಶ್ರೀ ವೇದಾಳ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಕೃತಕ ಬುದ್ಧಿಮತ್ತೆಯದು. ಪುಸ್ತಕದ ಪುಟದ ಫೋಟೊ ತೆಗೆದರೆ ಹೆಣ್ಣುದನಿಯಲ್ಲಿ ಓದಿ ಹೇಳುತ್ತಿತ್ತು. ಅರ್ಥವಾಗದ್ದನ್ನು ಕೇಳಿದರೆ ಬಿಡಿಸಿ ಹೇಳುತ್ತಿತ್ತು, ಹತ್ತು ಸಲ ಕೇಳಿದರೂ ಹತ್ತು ಸಲ ಹೇಳುತ್ತಿತ್ತು. ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತಿತ್ತು. ಸಿರಿ ಅದಕ್ಕೆ ಓದಕ್ಕ ಎಂದು ಹೆಸರಿಟ್ಟಳು. ಅದು ಎಲ್ಲೋ ಒಂದು ಪದ ತಪ್ಪಾಗಿ ಉಚ್ಚರಿಸಿದರೆ, "ಪಾಪ, ಅದಕ್ಕೂ ಓದಕ್ಕೆ ಬರಲ್ಲ" ಎಂದು ಮರುಗುವಳು.

"ಬುದ್ಧಿ ಇಲ್ಲದ ಕೂಸಿಗೆ ಬಾಡಿಗೆ ಬುದ್ಧಿ ತಂದ್ರು" ಎಂದು ಷಡಕ್ಷರಪ್ಪನವರು ಆಡಿಕೊಂಡರು. ಆದರೂ ಎರಡು ತಿಂಗಳಲ್ಲಿ ವೇದಾ ಕಂಡದ್ದೇ ಬೇರೆ. ಸಿರಿ ಅಡುಗೆಮನೆಗೆ ಬಂದು ರೊಟ್ಟಿಯನ್ನು ಸೂರ್ಯ ಮಾಡಿ, ನಿಂಬೆಹಣ್ಣನ್ನು ಚಂದ್ರ ಮಾಡಿ ಗ್ರಹಣ ಹೇಗಾಗುತ್ತದೆಂದು ಅಮ್ಮನಿಗೆ ಪಾಠ ಮಾಡಿದಳು. ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಶಾಲೆಯಿಂದ ಹೋಗಿಬಂದ ಮೇಲೆ, ವ್ಯಾನನ್ನು ನೋಡಿಯೂ ಏಳದ ಮುದಿ ಸಿಂಹದ ಬಗ್ಗೆ ಓದಕ್ಕನಿಗೆ ಹೇಳಿ ಬರೆಸಿದ ಒಂದು ಪುಟವನ್ನು ದಿವ್ಯಶ್ರೀ ಗೋಡೆಗೆ ಅಂಟಿಸಿದರು. ಮಾರನೇ ದಿನ ಇನ್ನೊಬ್ಬ ಮೇಷ್ಟ್ರು, ಇದು ಮೊಬೈಲ್ ಬರೆದದ್ದು, ಹುಡುಗಿಯದಲ್ಲ ಎಂದು ಅದನ್ನು ಕಿತ್ತರಂತೆ. ಸಿರಿ ಆ ಹಾಳೆಯನ್ನು ಮಡಿಸಿ ತಂದು ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು. ಅದು ಅಮ್ಮ ದಿನಾ ಕೈಹಾಕುವ ಜಾಗ.

ಆಸ್ಪತ್ರೆಯ ಪರೀಕ್ಷೆಗೆ ದಿವ್ಯಶ್ರೀ ಒಂದು ಬುಧವಾರ ಗೊತ್ತುಮಾಡಿ ಕೊಟ್ಟಿದ್ದರು. ಅಷ್ಟರಲ್ಲಿ ಸಮತಾಳಿಗೆ ಸಂಬಂಧ ಕೂಡಿಬಂತು. ಹುಡುಗ ಶ್ರೇಯಸ್, ಶಿವಮೊಗ್ಗ ವಿದ್ಯಾನಗರದವನು, ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ತಂದೆಯಿಲ್ಲ; ತಾಯಿ ಬಸವರಾಜೇಶ್ವರಿಯದೇ ಮನೆಯಲ್ಲಿ ಯಜಮಾನಿಕೆ. ಸಮತಾಳದು ಆಗಿಬಿಡಲಿ, ಆಮೇಲೆ ನೋಡೋಣ ಎಂದ ಕಾಂತರಾಜ್. ಬುಧವಾರ ಹೋಯಿತು. ಎಲ್ಲರೂ ಗಾಂಧಿ ಬಜಾರಿಗೆ ಹೋಗಿ ಸೀರೆ ತಂದರು.

ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ನಿಶ್ಚಿತಾರ್ಥದ ದಿನ ಲಗ್ನಪತ್ರಿಕೆಯನ್ನು ಎಲ್ಲರ ಮುಂದೆ ಓದಬೇಕಾದವರು ಪೌರೋಹಿತ್ಯದ ಅಯ್ಯನವರಲ್ಲ, ಹಿರಿಯರೂ ಅಲ್ಲ, ಮನೆಯ ಅತ್ಯಂತ ಕಿರಿಯ ಮಗು. ಕಾಂತರಾಜನ ಮದುವೆಯಲ್ಲಿ ಹೈಸ್ಕೂಲು ಮುಗಿಸುತ್ತಿದ್ದ ಸಮತಾ ಓದಿದ್ದಳು. ಈಗ ಸಿರಿಯ ಸರದಿ. ಈ ಸಲ ಬಿಟ್ಟುಬಿಡೋಣ ಎಂದು ವೇದಾ ಗಂಡನ ಮೂಲಕ ಹೇಳಿಸಿ ನೋಡಿದಳು. ಯಾಕೆ ಬಿಟ್ಟಿರಿ ಎಂದು ಬೀಗರು ಕೇಳಿದರೆ ಏನು ಹೇಳೋದು, ಎಂದರು ಷಡಕ್ಷರಪ್ಪನವರು. 

ಆಗ ವೇದಾ ಒಂದು ಕೆಲಸ ಮಾಡಿದಳು. ಆ ಕೆಲಸವನ್ನು ಮುಂದೆ ಅವಳು ತನಗೆ ತಾನೇ ಎಂದೂ ಕ್ಷಮಿಸಿಕೊಳ್ಳಲಿಲ್ಲ. ಅಯ್ಯನವರು ಮೂರು ದಿನ ಮೊದಲೇ ಬರೆದುಕೊಟ್ಟ ಪತ್ರಿಕೆಯ ಫೋಟೊ ತೆಗೆದು ಮೊಬೈಲಿಗೆ ಕೊಟ್ಟಳು. ಓದಕ್ಕ ಓದಿತು, ಸಿರಿ ಕೇಳಿಸಿಕೊಂಡಳು. ಮೂರನೇ ಸಲಕ್ಕೆ ಬಾಯಿಗೆ ಬಂತು. ಆಮೇಲೆ ವೇದಾ ಮಗಳ ಕೈಗೆ ಕಾಗದ ಕೊಟ್ಟು, ಯಾವ ಮಾತಿಗೆ ಬೆರಳು ಎಲ್ಲಿರಬೇಕು, ಎಲ್ಲಿ ತಡೆದು ನಿಲ್ಲಬೇಕು, ಯಾವಾಗ ಕಣ್ಣು ಕೆಳಗಿನ ಸಾಲಿಗೆ ಇಳಿಯಬೇಕು ಎಂದು ಎರಡು ದಿನ ಅಭ್ಯಾಸ ಮಾಡಿಸಿದಳು. ಮಗುವಿನ ನಾಲಿಗೆಗೆ ಎಂದೂ ಸುಳ್ಳು ಕಲಿಸದ ತಾಯಿ, ಬೆರಳಿಗೆ ಕಲಿಸಿದಳು.

ಶನಿವಾರ ಮಧ್ಯಾಹ್ನ ಅಭ್ಯಾಸದ ನಡುವೆ ಸಿರಿ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಏನೋ ಕೇಳುತ್ತಿದ್ದಳು. ವೇದಾ ಹತ್ತಿರ ಹೋದಾಗ ಆ ದನಿ ಹೇಳುತ್ತಿತ್ತು: ನೀನು ದಡ್ಡಿಯಲ್ಲ ಸಿರಿ, ನೀನು ಕಲಿಯುವ ದಾರಿ ಬೇರೆ.

ಸಿರಿ ಮೊಬೈಲನ್ನು ಮಗುಚಿಟ್ಟಳು.

"ಅದು ಎಲ್ರಿಗೂ ಹಾಗೇ ಹೇಳುತ್ತೆ ಅಮ್ಮ. ಅದಕ್ಕೆ ನಾನು ಕಾಣಲ್ಲ. ನೀನು ಹೇಳು, ನಾನು ದಡ್ಡಿನಾ?"

ಜಗಲಿಯಲ್ಲಿ ಮಾವ ಕೂತಿದ್ದರು. ಕಿಟಕಿ ತೆರೆದಿತ್ತು. "ಬೆರಳು ಮುಂದೆ ಹೋಯ್ತು ನೋಡು, ಇನ್ನೊಂದ್ಸಲ ಹೇಳು" ಎಂದಳು ವೇದಾ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಶಾಮಿಯಾನ ಬಿತ್ತು. ಹತ್ತು ಗಂಟೆಗೆ ಅಯ್ಯನವರು ಗೇಟಿನಲ್ಲೇ ಷಡಕ್ಷರಪ್ಪನವರ ಕೈಗೆ ಒಂದು ಹೊಸ ಕಾಗದ ಕೊಟ್ಟರು. ಅರಿಶಿನ ಹಚ್ಚಿದ, ನಾಲ್ಕು ಮಡಿಕೆಯ ಕಾಗದ. ಸ್ವಲ್ಪ ತಿದ್ದಿ ಬರೆದಿದ್ದೇನೆ, ಒಂದು ಸಲ ಓದಿ ನೋಡಿಕೊಳ್ಳಿ ಎಂದರು. ಬಾಗಿಲಿಗೆ ತೋರಣ ಕಟ್ಟುತ್ತಿದ್ದ ವೇದಾ ಅದನ್ನು ನೋಡಿದಳು. ಮಾವ ಕನ್ನಡಕ ತೆಗೆದು ಹಾಕಿಕೊಂಡರು, ಕಾಗದ ಬಿಚ್ಚಿ ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಸರಿಯಾಗಿದೆ" ಎಂದು ಮಡಿಸಿ ಜೇಬಿಗಿಟ್ಟುಕೊಂಡರು.

ಏನು ತಿದ್ದಿದ್ದಾರೆ ಎಂದು ಕೇಳಬೇಕೆನಿಸಿತು ಅವಳಿಗೆ. ಏನಾದರೂ ಮುಖ್ಯವಾದದ್ದಿದ್ದರೆ ಅವರೇ ಹೇಳುತ್ತಾರಲ್ಲ ಎಂದುಕೊಂಡಳು. ಒಳಗಿನಿಂದ ಯಾರೋ ಕರೆದರು, ಹೋದಳು.

ಬೀಗರು ಬಂದರು. ಕೊಬ್ಬರಿ ಸಕ್ಕರೆ, ಹಣ್ಣು, ಹೂವಿನ ತಟ್ಟೆಗಳು ಸಾಲಾಗಿ ಕೂತವು. ಸಮತಾ ಹಸಿರು ಸೀರೆಯಲ್ಲಿ ತಲೆಬಗ್ಗಿಸಿ ಕೂತಿದ್ದಳು. ಷಡಕ್ಷರಪ್ಪನವರು ಜೇಬಿನಿಂದ ಕಾಗದ ತೆಗೆದು, ತಮ್ಮ ಮನೆತನದ ಪದ್ಧತಿಯನ್ನು ಬೀಗರಿಗೆ ಹೇಳಿ, ಮೊಮ್ಮಗಳ ಕೈಗೆ ಕೊಟ್ಟರು. ಸಿರಿ ನಡುವೆ ನಿಂತು ಗಂಟೆ ಬಾರಿಸಿದಂತೆ ಓದಿದಳು. ಬೆರಳು ಒಂದು ನೂಲೂ ತಪ್ಪಲಿಲ್ಲ. "ಶ್ರೀ ಗುರುಬಸವಲಿಂಗಾಯ ನಮಃ" ಎಂಬಲ್ಲಿಂದ ವಧೂವರರ ಹೆಸರು, ಊರು, ತಾಯಿತಂದೆಗಳ ಹೆಸರು ಎಲ್ಲ ಬಂತು. ಹೆಂಗಸರು ಎಷ್ಟು ಚೆನ್ನಾಗಿ ಓದುತ್ತದೆ ಕೂಸು ಎಂದು ಪಿಸುಗುಟ್ಟಿದರು. ವೇದಾಳ ಎದೆ ಹಗುರಾಯಿತು. "ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸಲ್ಲುವ ಶುಭಲಗ್ನದಲ್ಲಿ..."

"ಗುರುವಾರ ಅಲ್ವಾ ಪುಟ್ಟಿ?" ಎಂದರು ಬಸವರಾಜೇಶ್ವರಿ ನಗುತ್ತಲೇ. "ದಿನ ಬದಲಾಯ್ತು ಅಂತ ಅಯ್ನೋರು ಬೆಳಿಗ್ಗೆ ನಮಗೆ ಫೋನ್ ಮಾಡಿದ್ರಲ್ಲ."

ಸಿರಿ ನಿಂತಳು. ಅವಳಿಗೆ ಗೊತ್ತಿದ್ದುದು ಒಂದೇ ದಾರಿ. ಮತ್ತೆ ಮೊದಲಿಂದ ಶುರುಮಾಡಿದಳು. ಅದೇ ದನಿ, ಅದೇ ಬೆರಳು, ಅದೇ ಸೋಮವಾರ.

ಬಸವರಾಜೇಶ್ವರಿ ಎದ್ದುಬಂದು ಅವಳ ಪಕ್ಕ ನಿಂತರು. ಬೆರಳಿದ್ದ ಜಾಗದಲ್ಲಿ ತಮ್ಮ ಬೆರಳಿಟ್ಟರು. "ಇಲ್ಲಿ ಗುರುವಾರ ಅಂತ ಇದೆ. ಈ ಅಕ್ಷರ ಯಾವುದು ಹೇಳು ಮಗಾ."

ಸಿರಿ ಕಾಗದ ನೋಡಿದಳು, ಅಮ್ಮನನ್ನು ನೋಡಿದಳು. "ಓಡ್ತಾ ಇದೆ" ಎಂದಳು ಮೆಲ್ಲಗೆ.

ಷಡಕ್ಷರಪ್ಪನವರ ಕೈ ಬೀಸಿದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಕಬ್ಬಿಣ ಹಿಡಿದ ಕೈ. ಮಗು ಹಣ್ಣಿನ ತಟ್ಟೆಯ ಮೇಲೆ ಬಿತ್ತು. ವೇದಾ ಓಡಿ ಎತ್ತಿಕೊಂಡಳು. ತುಟಿ ಒಡೆದಿತ್ತು. ಯಾರೋ ಕೇಳಿದರು, ಇದು ಯಾರ ಕಡೆಯಿಂದ ಬಂದದ್ದು ಎಂದು.

"ನಮ್ಮ ಕಡೆ ಯಾರಿಗೂ ಇಲ್ಲ" ಎಂದರು ಷಡಕ್ಷರಪ್ಪನವರು. "ತಾಯಿ ಕಡೆದು."

ತುಂಬಿದ ಸಭೆಯಲ್ಲಿ ಎಲ್ಲರ ಕಣ್ಣೂ ವೇದಾಳ ಮೇಲೆ ಬಿತ್ತು. ಕಾಂತರಾಜ್ ನೆಲ ನೋಡುತ್ತಿದ್ದ. ಅವಳು ಮಗಳ ತುಟಿಯ ರಕ್ತವನ್ನು ಸೆರಗಿನಿಂದ ಒರೆಸುತ್ತಿದ್ದಳು.

ಬಸವರಾಜೇಶ್ವರಿ ಕೂಗಾಡಲಿಲ್ಲ. "ಓದಕ್ಕೆ ಬರಲ್ಲ ಅಂದಿದ್ರೆ ಏನಾಗ್ತಿತ್ತು ಯಜಮಾನ್ರೇ? ಬರುತ್ತೆ ಅಂತ ತೋರಿಸಿದ್ರಲ್ಲ, ಅದು ತಪ್ಪು. ಇನ್ನೇನೇನು ಬಾಯಿಪಾಠ ಮಾಡಿಸಿದೀರೋ ನಮಗೆ ತೋರ್ಸಕ್ಕೆ" ಎಂದು ಸೆರಗು ಹೊದ್ದು ಹೊರಟರು. ಮಂಗಳವಾರ ಫೋನು ಬಂತು. ಜಾತಕ ಇನ್ನೊಂದು ಸಲ ತೋರಿಸಿದರಂತೆ, ಕೂಡಿಬರುವುದಿಲ್ಲವಂತೆ.

ಮಗುವಿನ ಕಾಲು ಕುಂಟಾದರೆ ನಮ್ಮ ಮನೆಗಳಲ್ಲಿ ಕೋಲು ಕೊಡುತ್ತೇವೆ. ಕಣ್ಣು ಮಂಜಾದರೆ ಕನ್ನಡಕ ಕೊಡಿಸುತ್ತೇವೆ. ಅಕ್ಷರ ಕಾಣದ ಮಗುವಿಗೆ ಮಾತ್ರ ಮೊದಲು ಏಟು ಕೊಡುತ್ತೇವೆ, ಆಮೇಲೆ ಅದನ್ನು ಬಚ್ಚಿಡುತ್ತೇವೆ. ಕೋಲಿನಂಥ ಒಂದು ಸಾಧನ ಆ ಮನೆಗೂ ಬಂದಿತ್ತು. ಆ ಕೋಲನ್ನೇ ಬಳಸಿ, ಕುಂಟುವ ಮಗುವಿನಿಂದ ಕುಣಿತದ ನಾಟಕ ಆಡಿಸಿದ್ದರು.

ಮಗುವನ್ನು ಕೆಡಿಸಿದ್ದು ಅದೇ ಯಂತ್ರವೆಂದು ಷಡಕ್ಷರಪ್ಪನವರು ಮೊಬೈಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಸಿರಿ ಅದನ್ನು ಕೇಳಲೂ ಇಲ್ಲ. ಅವಳು ಏನನ್ನೂ ಕೇಳುವುದನ್ನು ಬಿಟ್ಟಿದ್ದಳು, ಮಾತಾಡುವುದನ್ನೂ. ಶಾಲೆಗೆ ಹೋಗುವುದಿಲ್ಲವೆಂದೂ ಹೇಳಲಿಲ್ಲ. ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಲ್ಲುವಳು, ಕಾಲು ಮುಂದೆ ಬಾರದು. ಊಟ ಎಂದರೆ ಬರುವಳು, ನಾಲಿಗೆ ಎಂದರೆ ಚಾಚುವಳು. ಬಜೆ ಸವರುವಾಗ ಈಗ ಕಣ್ಣು ಮುಚ್ಚುತ್ತಿರಲಿಲ್ಲ. ವೇದಾ ತಲೆ ಬಾಚುತ್ತ ಹಳೇ ಕಥೆಗಳನ್ನೆಲ್ಲ ಹೇಳಿ ನೋಡಿದಳು, ನೀನು ದಡ್ಡಿಯಲ್ಲ ಕಂದ ಎಂದು ಕಿವಿಯಲ್ಲಿ ಹೇಳಿ ನೋಡಿದಳು. ಕೇಳಿದ ದಿನ ಕೊಡದ ಉತ್ತರ ಹಳಸಿಹೋಗಿತ್ತು.

ಸಮತಾ ಸಿರಿಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಅಪ್ಪನಿಗೆ ಪೇಪರ್ ಓದುವುದನ್ನು ನಿಲ್ಲಿಸಿದಳು. ಕನ್ನಡಕ ಹಾಕಿಕೊಂಡು ನೀವೇ ಓದಿಕೊಳ್ಳಿ ಎಂದುಬಿಟ್ಟಳು. ಅಂದಿನಿಂದ ಪೇಪರುಗಳು ಬೆತ್ತದ ಕುರ್ಚಿಯ ಪಕ್ಕದಲ್ಲಿ ಬಂದ ಮಡಿಕೆಯಲ್ಲೇ ಒಂದರ ಮೇಲೊಂದು ಬೀಳುತ್ತಿದ್ದವು.

ಮೂರು ವಾರದ ಮೇಲೆ ದಿವ್ಯಶ್ರೀ ಆಸ್ಪತ್ರೆಗೆ ಇನ್ನೊಂದು ದಿನ ಗೊತ್ತುಮಾಡಿ, ತುಂಬಿಕೊಂಡು ಬರಬೇಕಾದ ಅರ್ಜಿಯನ್ನು ಕಳಿಸಿದರು. ಈ ಸಲ ವೇದಾ ಯಾರನ್ನೂ ಕೇಳಲಿಲ್ಲ. ಸಂಜೆ ಅತ್ತೆಯ ಜೊತೆ ಅವರೆಕಾಯಿ ಬಿಡಿಸುತ್ತ, ನಡುನಡುವೆ ಕೈ ಒರೆಸಿಕೊಂಡು ತುಂಬುತ್ತಿದ್ದಳು. ಒಂದು ಪ್ರಶ್ನೆಯ ಹತ್ತಿರ ಪೆನ್ನು ನಿಂತಿತು. ಏನದು ಎಂದು ಈಶ್ವರಮ್ಮ ಕೇಳಿದರು. ಮನೆಯಲ್ಲಿ ಬೇರೆ ಯಾರಿಗಾದರೂ ಓದಲು, ಬರೆಯಲು ತೊಂದರೆ ಇತ್ತೇ ಎಂದು ಕೇಳಿದ್ದಾರೆ, ಎಂದಳು ವೇದಾ. 'ಇಲ್ಲ' ಎಂದು ಬರೆದಳು.

ಈಶ್ವರಮ್ಮ ಕೈಲಿದ್ದ ಕಾಯಿಯನ್ನು ಕೆಳಗೆ ಹಾಕಿದರು.

"ಅದನ್ನ ಹೊಡೆದು ಹಾಕು" ಎಂದರು.

ವೇದಾ ತಲೆಯೆತ್ತಿದಳು.

"ಆವತ್ತು ಗೇಟಿನಲ್ಲಿ ನಿಮ್ಮ ಮಾವ ಕಾಗದ ಬಿಚ್ಚಿ ನೋಡಿದ್ರಲ್ಲ, ಅವರಿಗೆ ಏನು ಕಾಣ್ತು ಅಂತ ತಿಳ್ಕೊಂಡಿದೀಯ? ಏನೂ ಕಾಣಲಿಲ್ಲ. ಕಂಡಿದ್ರೆ ಗುರುವಾರ ಅಂತ ಹೇಳ್ತಿರಲಿಲ್ವಾ?"

ಆಮೇಲೆ ಒಂದೊಂದೇ ಕಾಯಿ ಬಿಡಿಸಿದಂತೆ ಹೇಳಿದರು. ಐವತ್ತು ವರ್ಷದ ಹಿಂದೆ ತಮ್ಮದೇ ನಿಶ್ಚಿತಾರ್ಥದಲ್ಲಿ, ಹುಡುಗ ಹೈಸ್ಕೂಲು ಮೆಟ್ಟಿಲು ಹತ್ತಿದವನಂತೆ, ಅವನೇ ಪತ್ರಿಕೆ ಓದಲಿ ಎಂದು ಈಶ್ವರಮ್ಮನ ತಂದೆ ಹೇಳಿದರು. ಹುಡುಗ ಬೆವರಿದ. ಅವನ ಅಪ್ಪ ತಟ್ಟನೆ ಎದ್ದು ನಿಂತು, ನಮ್ಮಲ್ಲಿ ಮನೆಯ ಕಿರಿಯ ಮಗು ಓದುವುದು ಪದ್ಧತಿ ಎಂದರು. ಎಂಟು ವರ್ಷದ ಮೈದುನ ಓದಿದ. ಪದ್ಧತಿ ಹುಟ್ಟಿದ್ದು ಆವತ್ತೇ. ನಾಲ್ಕನೇ ಕ್ಲಾಸು ಓದಿದ ಈಶ್ವರಮ್ಮನೇ ಮದುವೆಯ ಮೇಲೆ ಗಂಡನ ಸಂಬಳದ ಚೀಟಿ, ಕಾರ್ಖಾನೆಯ ನೋಟೀಸು ಎಲ್ಲವನ್ನೂ ಬಾಗಿಲು ಹಾಕಿಕೊಂಡು ಓದಿ ಹೇಳಿದ್ದರು. ಸೂಪರ್‌ವೈಸರ್ ಕಾಗದ ಎರಡು ಸಲ ಬಂದಾಗಲೂ ಅವರೇ ಓದಿದ್ದು.

"ಎರಡು ಸಲವೂ ಅದನ್ನ ಕೈಲಿ ಹಿಡ್ಕೊಂಡು ಅತ್ತಿದಾರೆ ಕಣೇ. ನಾನು ಬಾಯಿ ಕಟ್ಕೊಂಡಿದ್ದಕ್ಕೆ ಆ ಕೂಸು ಏಟು ತಿಂತು, ನೀನು ಮಾತು ತಿಂದೆ. ಬರಿ, ಅಜ್ಜನಿಗೆ ಇದೆ ಅಂತ ಬರಿ."

ವೇದಾ 'ಇಲ್ಲ' ಎಂಬುದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ 'ಅಜ್ಜನಿಗೆ ಇದೆ' ಎಂದು ಬರೆದಳು. ಹದಿಮೂರು ವರ್ಷದಿಂದ ಕೇಳಿಸಿಕೊಂಡ ಮಾತುಗಳೆಲ್ಲ ನೆನಪಾಗಿ ಕೋಪ ಬರಬೇಕಿತ್ತು. ಬರಲಿಲ್ಲ. ಷಡಕ್ಷರಿ ಎಂಬ ಪುಟ್ಟ ಹುಡುಗ ಸ್ಲೇಟು ಹಿಡಿದು ಎಲ್ಲೋ ಗೋಡೆಗೆ ಮುಖಮಾಡಿ ನಿಂತದ್ದು ಮಾತ್ರ ಕಣ್ಣಿಗೆ ಕಟ್ಟಿತು.

ಮಾರನೇ ಬೆಳಿಗ್ಗೆ ಆ ಮನೆಯಲ್ಲಿ ಬಜೆ ತೇಯುವ ಸದ್ದು ಇರಲಿಲ್ಲ. ವೇದಾ ಸಿರಿಯ ಕೈಹಿಡಿದು ಅಂಗಳಕ್ಕೆ ಇಳಿದಾಗ ಷಡಕ್ಷರಪ್ಪನವರು ಗೇಟಿನ ಹತ್ತಿರ ಅಡ್ಡ ನಿಂತಿದ್ದರು.

"ಎಲ್ಲಿಗೆ?"

"ಆಸ್ಪತ್ರೆಗೆ, ಮಾವ."

"ಏನು ಬರೆದಿದೀಯ ಅದರಲ್ಲಿ?"

ವೇದಾ ಅರ್ಜಿಯನ್ನೇ ಮುಂದೆ ಚಾಚಿದಳು. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡರು. ಕಣ್ಣು ಹಾಳೆಯ ನಡುವೆ ಒಂದೇ ಕಡೆ ನೆಟ್ಟಿತ್ತು. ಸಿರಿ ಕೆಳಗಿನಿಂದ ಅಜ್ಜನ ಕಣ್ಣುಗಳನ್ನೇ ನೋಡುತ್ತಿದ್ದಳು.

"ಸರಿಯಾಗಿದೆ" ಎಂದರು ಷಡಕ್ಷರಪ್ಪನವರು. ಕಾಗದ ವಾಪಸ್ಸು ಕೊಟ್ಟು ಪಕ್ಕಕ್ಕೆ ಸರಿದರು.

ಶಿವಮೊಗ್ಗದ ಬಸ್ಸು ತುಂಬಿತ್ತು. ತಾಯಿ ಮಗಳಿಗೆ ಹಿಂದೆ ಒಂದೇ ಸೀಟು ಸಿಕ್ಕಿತು, ಸಿರಿ ಅಮ್ಮನ ತೊಡೆಯ ಮೇಲೆ ಕೂತಳು. ಮಾಚೇನಹಳ್ಳಿ ದಾಟುವ ತನಕ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಅಂಗಡಿಗಳ ಬೋರ್ಡುಗಳು ಒಂದರ ಹಿಂದೊಂದು ಹಿಂದಕ್ಕೆ ಹೋಗುತ್ತಿದ್ದವು.

"ಅಮ್ಮ."

ಮೂರು ವಾರದ ಮೇಲೆ ಕೇಳಿದ ದನಿ. 

"ಅಜ್ಜಂಗೂ ಅಕ್ಷರ ಓಡ್ತವಾ?"

ಅಕ್ಕಪಕ್ಕದಲ್ಲಿ ಜನ ನಿಂತಿದ್ದರು. ವೇದಾ ದನಿ ತಗ್ಗಿಸಲಿಲ್ಲ. "ಹೂಂ ಕಂದ. ಓಡ್ತವೆ."

 ಸಿರಿ ಒಡೆದು ವಾಸಿಯಾದ ತುಟಿಯನ್ನು ಬೆರಳಿನಿಂದ ಮುಟ್ಟಿಕೊಂಡು ಕೇಳಿದಳು.

"ಹಾಗಾದ್ರೆ ಅಜ್ಜಂಗೆ ಯಾರು ಹೊಡೆದಿದ್ರು?"

ವೇದಾಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದಳು. ಮಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಅರ್ಜಿ ಮುದುಡದಂತೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.